ಸುಸ್ತಾದ ತಲೆಗೂ ಅಭ್ಯಾಸ ಬೇಕು: ಇಡೀ ದಿನದ ಮಾಕ್ ಟೆಸ್ಟ್ ಸೇವೆಯನ್ನು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಆನ್‌ಲೈನ್ ಮಾಕ್ ಟೆಸ್ಟ್ ಸೇವೆಯಲ್ಲಿ ಪ್ರಶ್ನೆಗಳ ಮಟ್ಟ ಸಾಧಾರಣ. ಇದಕ್ಕಿಂತ ಒಳ್ಳೆಯ ಪ್ರಶ್ನೆಗಳು ಬೇರೆ ಕಡೆ ಸಿಗುತ್ತವೆ. ಉತ್ತರದ ವಿವರಣೆ ಎರಡು ಸಾಲಿಗೆ ಮುಗಿದುಹೋಗುತ್ತದೆ. ಆದರೂ ಗಂಟೆಗಟ್ಟಲೆ ಕೂತು ಬರೆಯುವ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವ ಯಾರೇ ಕೇಳಿದರೂ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ನಾನು ನೋಡಿದ ಬೇರೆ ಸೇವೆಗಳು ನಿಮಗೆ ಎಷ್ಟು ಗೊತ್ತು ಅಂತ ಅಳೆಯುತ್ತವೆ. ಇದು ಐದನೇ ಗಂಟೆಯಲ್ಲಿ, ತಲೆ ಭಾರವಾಗಿ ಕಣ್ಣು ಉರಿಯುತ್ತಿರುವಾಗ, ಗೊತ್ತಿರುವುದರಲ್ಲಿ ಎಷ್ಟು ನಿಮ್ಮ ಕೈಗೆ ಸಿಗುತ್ತದೆ ಅಂತ ಅಳೆಯುತ್ತದೆ.

ನನ್ನ ಪರೀಕ್ಷೆ ಹೀಗಿದೆ. ಬೆಳಿಗ್ಗೆ 3 ಗಂಟೆ ಅವಧಿಯ ಒಂದು ಪೇಪರ್, ನಡುವೆ ಬಿಡುವು, ಮಧ್ಯಾಹ್ನ ಮತ್ತೆ 3 ಗಂಟೆ. ತಪ್ಪು ಉತ್ತರಕ್ಕೆ ನೆಗೆಟಿವ್ ಮಾರ್ಕ್ಸ್. ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಓದು ಏನಿದ್ದರೂ ಕೆಲಸ ಮುಗಿದ ಮೇಲೆ, ಒಂದೊಂದೂವರೆ ಗಂಟೆಯ ತುಂಡುಗಳಲ್ಲಿ. ಹೀಗೆ ಓದಿದರೆ ಸಿಲೆಬಸ್ ಮುಗಿಯುತ್ತದೆ. ಆದರೆ ಒಂದೇ ದಿನ 6 ಗಂಟೆ ಲಕ್ಷ್ಯ ಕೊಟ್ಟು ಕೂರುವ ರೂಢಿ ಬರುವುದಿಲ್ಲ. ನನಗೆ ಬೇಕಿದ್ದದ್ದು ಆ ರೂಢಿ.

ಸೇವೆ ಕೆಲಸ ಮಾಡುವ ರೀತಿ ಸರಳ. ನಿಮ್ಮ ಪರೀಕ್ಷೆಯ ವೇಳಾಪಟ್ಟಿಯನ್ನು ಕೊಟ್ಟರೆ ಅದೇ ಹೊತ್ತಿಗೆ ಪೇಪರ್ ತೆರೆದುಕೊಳ್ಳುತ್ತದೆ. ಒಂದು ನಿಮಿಷ ತಡವಾದರೆ ಒಂದು ನಿಮಿಷ ಹೋಯಿತು. ಶುರುವಾದ ಮೇಲೆ ನಿಲ್ಲಿಸುವ ಬಟನ್ ಇಲ್ಲ. ಬೇಕಿದ್ದರೆ ಪರೀಕ್ಷಾ ಹಾಲಿನ ಸದ್ದು ಹಾಕಿಕೊಳ್ಳಬಹುದು: ಕುರ್ಚಿ ಎಳೆಯುವುದು, ಕೆಮ್ಮು, ಹಾಳೆ ತಿರುಗಿಸುವುದು, ಮೇಲ್ವಿಚಾರಕರ ಹೆಜ್ಜೆ. ಮೊದಲು ಇದು ಸುಮ್ನೆ ಆಡಂಬರ ಅನಿಸಿತು. ಆಮೇಲೆ ನೋಡಿದರೆ, ಸದ್ದಿಲ್ಲದ ಕೋಣೆಯಲ್ಲಿ ಮಾತ್ರ ಓದಿದವರಿಗೆ ಪಕ್ಕದವರ ಪೆನ್ನಿನ ಟಿಕ್ ಟಿಕ್ ಕೂಡ ದೊಡ್ಡದಾಗಿ ಕೇಳುತ್ತದೆ. ಆ ಸದ್ದಿಗೆ ಕಿವಿ ಮುಂಚೆಯೇ ಹೊಂದಿಕೊಂಡಿದ್ದರೆ ಒಳ್ಳೆಯದೇ ಅಲ್ವಾ?

ಇನ್ನು ಈ ಸೇವೆಯ ಜೀವಾಳಕ್ಕೆ ಬರುತ್ತೇನೆ. ಪ್ರತಿ ಅರ್ಧ ಗಂಟೆಗೊಮ್ಮೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪ್ರಶ್ನೆ ಬರುತ್ತದೆ: ಈಗ ಎಷ್ಟು ಸುಸ್ತಾಗಿದೆ, 1ರಿಂದ 10ರೊಳಗೆ ಒತ್ತಿ. ಅದಕ್ಕೆ ಎರಡು ಸೆಕೆಂಡು ಸಾಕು. ಪೂರ್ತಿ ಮುಗಿದ ಮರುದಿನ ಒಂದು ಗ್ರಾಫ್ ಬರುತ್ತದೆ. ಒಂದು ಗೆರೆ ನೀವು ಹೇಳಿದ ಸುಸ್ತಿನದು. ಇನ್ನೊಂದು ಗೆರೆ ಆ ಅರ್ಧ ಗಂಟೆಯಲ್ಲಿ ಬಂದ ಅಂಕದ್ದು. ಒಂದು ಏರಿದ ಹಾಗೆ ಇನ್ನೊಂದು ಇಳಿಯುತ್ತದೆ ಅಂತ ಯಾರಾದರೂ ಊಹಿಸುತ್ತಾರೆ. ನನ್ನ ಗ್ರಾಫ್‌ನಲ್ಲಿ ಹಾಗಿರಲಿಲ್ಲ. ಸುಸ್ತಿನ ಗೆರೆ ಮೊದಲಿಂದ ಕೊನೆಯವರೆಗೂ ಏರುತ್ತಲೇ ಹೋಗಿತ್ತು. ಅಂಕದ ಗೆರೆ ಬಹುಪಾಲು ನೆಟ್ಟಗೇ ಇತ್ತು. ಅಲ್ಲಲ್ಲಿ ಮಾತ್ರ ಗುಂಡಿಗಳು.

ಇದು ನನ್ನೊಬ್ಬಳ ವಿಚಿತ್ರ ಅಲ್ಲ. 2009ರಲ್ಲಿ ಅಮೆರಿಕದ ಫಿಲಿಪ್ ಅಕರ್‌ಮನ್ ಮತ್ತು ರೂತ್ ಕ್ಯಾನ್‌ಫರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಮೂರೂವರೆ, ನಾಲ್ಕೂವರೆ ಮತ್ತು ಐದೂವರೆ ಗಂಟೆಗಳ ಪರೀಕ್ಷೆಗಳಿಗೆ ಕೂರಿಸಿದರು. ಹೊತ್ತು ಹೋದಂತೆ ಸುಸ್ತು ಜಾಸ್ತಿಯಾಯಿತು ಅಂತ ವಿದ್ಯಾರ್ಥಿಗಳು ಹೇಳಿದರು. ಅಂಕ ಮಾತ್ರ ಕುಸಿಯಲಿಲ್ಲ. ಉದ್ದದ ಪರೀಕ್ಷೆಯಲ್ಲಿ ಸರಾಸರಿ ಸ್ವಲ್ಪ ಏರಿಯೇ ಇತ್ತು. ಸುಸ್ತು ಅನಿಸುವುದು ಬೇರೆ, ತಲೆ ಕೆಲಸ ಬಿಡುವುದು ಬೇರೆ. ನಾಲ್ಕನೇ ಗಂಟೆಯಲ್ಲಿ "ಇನ್ನು ನನ್ನ ಕೈಲಿ ಆಗಲ್ಲ" ಅಂತ ಒಳಗಿನಿಂದ ಮಾತು ಬಂದಾಗ, ಅದು ಅನಿಸಿಕೆ ಅಷ್ಟೇ, ಇನ್ನೂ ಸತ್ಯವಾಗಿಲ್ಲ ಅಂತ ತಿಳಿದಿರುವುದು ದೊಡ್ಡ ಬಲ. ಬಾಯಲ್ಲಿ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನನ್ನದೇ ಗ್ರಾಫ್ ನೋಡಿ ನಂಬಿದೆ.

ಹಾಗಾದರೆ ಆ ಗುಂಡಿಗಳು ಎಲ್ಲಿಂದ ಬಂದವು? ಸೇವೆಯಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಸೆಕೆಂಡು ಹೋಯಿತು ಅನ್ನುವ ಲೆಕ್ಕ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಪ್ರತಿ ಗುಂಡಿಯ ಹಿಂದೆ ಒಂದು ಹಟದ ಪ್ರಶ್ನೆ ಇತ್ತು. ನಾಲ್ಕೈದು ನಿಮಿಷ ತಿಂದು, ಕೊನೆಗೂ ಬಗೆಹರಿಯದೆ ಬಿಟ್ಟದ್ದು. ನಷ್ಟ ಆ ಒಂದು ಪ್ರಶ್ನೆಯದಲ್ಲ. ಅದರ ನಂತರದ ಮೂರ್ನಾಲ್ಕು ಸುಲಭದ ಪ್ರಶ್ನೆಗಳು ತಪ್ಪಾಗಿದ್ದವು. ಬಗೆಹರಿಯದ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ಮುಂದೆ ಹೋದರೂ ನಾಲಿಗೆ ಅಲ್ಲಿಗೇ ಹೋಗುತ್ತಿರುತ್ತದೆ. ಇದನ್ನು ಸುಸ್ತು ಅಂತ ಕರೆದರೆ ಮದ್ದು ಸಿಗುವುದಿಲ್ಲ. ಇದು ಒತ್ತಡ. ಇದಕ್ಕೆ ಬೇಕಿರುವುದು ವಿಶ್ರಾಂತಿಯಲ್ಲ, ಬಿಡುವ ಅಭ್ಯಾಸ.

ಸೇವೆಯವರು ಇದಕ್ಕೆ ಒಂದು ಸೌಲಭ್ಯ ಇಟ್ಟಿದ್ದಾರೆ. ಒಂದು ಪ್ರಶ್ನೆಗೆ ಇಂತಿಷ್ಟೇ ಸಮಯ ಅಂತ ನೀವೇ ಮಿತಿ ಹಾಕಿಕೊಳ್ಳಬಹುದು. ಮಿತಿ ದಾಟಿದರೆ ಪ್ರಶ್ನೆಯ ಅಂಚು ಬಣ್ಣ ಬದಲಿಸುತ್ತದೆ. ಸದ್ದಿಲ್ಲ, ಎಚ್ಚರಿಕೆಯ ಮಾತಿಲ್ಲ. ನಾನು ಅದನ್ನು ಎರಡು ನಿಮಿಷಕ್ಕೆ ಇಟ್ಟುಕೊಂಡೆ. ಬಣ್ಣ ಬಂದ ಕೂಡಲೇ ಗುರುತು ಹಾಕಿ, ಬೆನ್ನು ನೆಟ್ಟಗೆ ಮಾಡಿ, ಒಂದು ಉದ್ದ ಉಸಿರು ಬಿಟ್ಟು, ಮುಂದಿನ ಪ್ರಶ್ನೆಯ ಮೊದಲ ಸಾಲನ್ನು ತುಟಿ ಅಲ್ಲಾಡಿಸಿ ಓದುತ್ತೇನೆ. ತುಟಿ ಅಲ್ಲಾಡಿಸುವುದು ಮುಖ್ಯ. ಹಿಂದಿನ ಪ್ರಶ್ನೆಯನ್ನು ತಲೆಯಿಂದ ಹೊರಗೆ ಹಾಕುವುದು ಅದೇ. ನಿಜವಾದ ಪರೀಕ್ಷೆಯಲ್ಲಿ ಬಣ್ಣ ಇರುವುದಿಲ್ಲ, ಆದರೆ ಅಷ್ಟು ಹೊತ್ತಿಗೆ ಎರಡು ನಿಮಿಷ ಅಂದರೆ ಎಷ್ಟು ಅಂತ ಮೈಗೇ ಗೊತ್ತಾಗಿರುತ್ತದೆ.

ಕೊನೆಯ ಅರ್ಧ ಗಂಟೆಯ ಕಥೆ ಬೇರೆ. ಅಲ್ಲಿ ಸುಸ್ತು ನಿಜವಾಗಿ ಕೈ ಹಾಕುತ್ತದೆ, ಆದರೆ ನೆನಪಿನ ಮೇಲಲ್ಲ, ಆಯ್ಕೆಯ ಮೇಲೆ. ಇದಕ್ಕೂ ಒಂದು ಅಧ್ಯಯನ ಇದೆ. 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು ಕೆಲವರಿಗೆ 6 ಗಂಟೆಗೂ ಹೆಚ್ಚು ಕಾಲ ಕಷ್ಟದ ತಲೆ ಕೆಲಸ ಕೊಟ್ಟರು, ಇನ್ನು ಕೆಲವರಿಗೆ ಅದೇ ರೀತಿಯ ಸುಲಭದ ಕೆಲಸ. ಕಷ್ಟದ ಕೆಲಸ ಮಾಡಿದವರ ಮಿದುಳಿನ ಮುಂಭಾಗದ ಒಂದು ಜಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಸೇರಿಕೊಂಡಿತ್ತು. ದಿನದ ಕೊನೆಗೆ ಅವರು ಬೇಗ ಸಿಗುವ, ಶ್ರಮ ಕಡಿಮೆ ಇರುವ ಫಲದ ಕಡೆಗೇ ವಾಲುತ್ತಿದ್ದರು. ಪರೀಕ್ಷೆಯಲ್ಲಿ ಅದರ ರೂಪ ನಮಗೆಲ್ಲ ಗೊತ್ತು. ನಾಲ್ಕು ಆಯ್ಕೆಗಳಲ್ಲಿ ಎರಡನೆಯದು ಸರಿ ಅನಿಸಿದ ಕೂಡಲೇ ಮೂರು, ನಾಲ್ಕನ್ನು ಓದುವುದೇ ಇಲ್ಲ. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅನ್ನುವುದರಲ್ಲಿ ಆ "ಅಲ್ಲ" ಕಣ್ಣಿಗೆ ಬೀಳುವುದಿಲ್ಲ. ಉತ್ತರ ಗೊತ್ತಿರುತ್ತದೆ, ಆದರೆ ಕೊನೆಯವರೆಗೆ ಓದುವ ಮನಸ್ಸಿರುವುದಿಲ್ಲ.

ಈ ವಿಷಯದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದದ್ದು ಉತ್ತರ ಬದಲಿಸಿದ್ದರ ಪಟ್ಟಿ. ಯಾವ ಉತ್ತರವನ್ನು ಯಾವಾಗ ಬದಲಿಸಿದಿರಿ, ಅದರಿಂದ ಅಂಕ ಬಂತೋ ಹೋಯಿತೋ, ಎಲ್ಲ ಇರುತ್ತದೆ. ಮೊದಲು ಹೊಳೆದ ಉತ್ತರವೇ ಸರಿ, ಮುಟ್ಟಬೇಡಿ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಸಂಶೋಧನೆಗಳು ಇದನ್ನು ಒಪ್ಪುವುದಿಲ್ಲ. ಉತ್ತರ ಬದಲಿಸಿದಾಗ ತಪ್ಪಿನಿಂದ ಸರಿಗೆ ಹೋಗುವುದೇ ಹೆಚ್ಚು ಅಂತ 2005ರಲ್ಲಿ ಬಂದ ಒಂದು ಹೆಸರಾಂತ ಅಧ್ಯಯನವೂ ತೋರಿಸಿದೆ. ನನ್ನ ಪಟ್ಟಿಯಲ್ಲಿ ಇದು ಅರ್ಧ ನಿಜ. ಮೊದಲ ಎರಡು ಗಂಟೆಯಲ್ಲಿ ಬದಲಿಸಿದ್ದು ಬಹುತೇಕ ಲಾಭ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಬದಲಿಸಿದ್ದು ಬಹುತೇಕ ನಷ್ಟ, ಯಾಕೆಂದರೆ ಆಗ ಬದಲಿಸಿದ್ದು ಹೊಸ ಕಾರಣ ಸಿಕ್ಕಿದ್ದಕ್ಕಲ್ಲ, ಗಾಬರಿಗೆ. ಈಗ ನನ್ನ ನಿಯಮ ಇಷ್ಟೇ: ಬದಲಿಸಲು ಕಾರಣವನ್ನು ರಫ್ ಶೀಟಿನಲ್ಲಿ ಮೂರು ಪದದಲ್ಲಿ ಬರೆಯಲು ಆದರೆ ಮಾತ್ರ ಬದಲಿಸು. ಎಲ್ಲರ ಪಟ್ಟಿ ಹೀಗೇ ಇರಬೇಕಿಲ್ಲ. ನಿಮ್ಮದು ನೀವೇ ನೋಡಿಕೊಳ್ಳಬೇಕು.

ಬಿಡುವಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಎರಡನೇ ಪೇಪರ್ ನಿಂತಿರುವುದು ಅದರ ಮೇಲೆ. ಡೆನ್ಮಾರ್ಕ್‌ನ ಶಾಲಾ ಮಕ್ಕಳ ಸುಮಾರು 20 ಲಕ್ಷ ಪರೀಕ್ಷೆಗಳನ್ನು ನೋಡಿದ 2016ರ ಒಂದು ಅಧ್ಯಯನದಲ್ಲಿ, ದಿನದಲ್ಲಿ ಪ್ರತಿ ಗಂಟೆ ತಡವಾದಂತೆ ಅಂಕ ತುಸು ಇಳಿಯುವುದು ಕಂಡಿತ್ತು. 20ರಿಂದ 30 ನಿಮಿಷದ ಬಿಡುವು ಸಿಕ್ಕಾಗ ಅಂಕ ಮತ್ತೆ ಏರಿತ್ತು. ಇಳಿತವೂ ಏರಿಕೆಯೂ ಚಿಕ್ಕವೇ. ಆದರೆ ಒಂದೊಂದು ಅಂಕಕ್ಕೆ ಸಾವಿರಾರು ಜನ ಸಾಲು ನಿಲ್ಲುವ ಪರೀಕ್ಷೆಯಲ್ಲಿ ಚಿಕ್ಕದು ಅನ್ನುವುದು ಯಾವುದೂ ಇಲ್ಲ.

ಈ ಸೇವೆಯಲ್ಲಿ ಬಿಡುವಿಗೂ ಗಡಿಯಾರ ಇದೆ. ಬಿಡುವು ಶುರುವಾದಾಗ ಪರದೆ ಖಾಲಿ. ಬೆಳಗಿನ ಪೇಪರಿನ ಉತ್ತರ, ಅಂಕ ಯಾವುದೂ ಕಾಣುವುದಿಲ್ಲ. ಮಧ್ಯಾಹ್ನದ ಪೇಪರ್ ಮುಗಿದು ಮರುದಿನ ಬರುವವರೆಗೆ ಕಾಯಬೇಕು. ನನ್ನ ಪ್ರಕಾರ ಈ ಸೇವೆ ಮಾಡಿದ ತೀರ್ಮಾನಗಳಲ್ಲೇ ಇದು ಅತಿ ಒಳ್ಳೆಯದು. ಪರೀಕ್ಷಾ ಕೇಂದ್ರದ ಹೊರಗೆ ಏನಾಗುತ್ತದೆ ನೋಡಿ. ಮೊದಲ ಪೇಪರ್ ಮುಗಿದ ಕೂಡಲೇ ಗುಂಪು ಸೇರುತ್ತದೆ. "ಆ ನಲವತ್ತನೆಯದಕ್ಕೆ ಏನು ಹಾಕಿದೆ?" ಅಂತ ಒಬ್ಬರು ಕೇಳಿದರೆ ಸಾಕು, ಐದು ಜನರ ಮುಖ ಬಾಡುತ್ತದೆ. ಮುಗಿದ ಪೇಪರಿನಲ್ಲಿ ಒಂದು ಅಂಕವೂ ಬದಲಾಗುವುದಿಲ್ಲ, ಮುಂದಿನದರಲ್ಲಿ ಹತ್ತು ಅಂಕ ಹೋಗಬಹುದು. ಉತ್ತರ ಗೊತ್ತಾಗದೆ ಎರಡು ಗಂಟೆ ಇರುವುದು ಕೂಡ ಒಂದು ಕಲಿಕೆ. ಅದನ್ನು ಮನೆಯಲ್ಲೇ ಕಲಿಸುವ ಬೇರೆ ಯಾವ ಸೇವೆಯನ್ನೂ ನಾನು ನೋಡಿಲ್ಲ.

ಬಿಡುವಿನಲ್ಲಿ ಮಾಡಬೇಕಾದ್ದನ್ನು ಅವರು ಒಂದೇ ಸಾಲಿನಲ್ಲಿ ಹೇಳುತ್ತಾರೆ: ಎದ್ದು ನಡೆಯಿರಿ, ದೂರದ ವಸ್ತು ನೋಡಿ, ನೀರು ಕುಡಿಯಿರಿ, ಫೋನ್ ಮುಟ್ಟಬೇಡಿ. ಎಲ್ಲವೂ ಸರಿಯೇ. ಫೋನ್ ನೋಡುವುದು ವಿಶ್ರಾಂತಿ ಅಲ್ಲ, ಕಣ್ಣಿಗೂ ತಲೆಗೂ ಅದು ಇನ್ನೊಂದು ಪೇಪರ್. ನಾನು ಸೇರಿಸಿಕೊಂಡದ್ದು ಒಂದೇ: ಹೊಟ್ಟೆ ತುಂಬ ತಿನ್ನದಿರುವುದು. ಭಾರದ ಊಟ ಮಾಡಿ ಕೂತರೆ ಎರಡನೇ ಪೇಪರಿನ ಮೊದಲ ಮುಕ್ಕಾಲು ಗಂಟೆ ತೂಕಡಿಕೆಗೆ ಹೋಗುತ್ತದೆ.

ಪರೀಕ್ಷೆಗೆ ಮುಂಚಿನ ಒತ್ತಡಕ್ಕೆ ಇದರಲ್ಲಿರುವುದು ಒಂದು ಖಾಲಿ ಹಾಳೆ. ಪೇಪರ್ ತೆರೆಯುವ ಮುಂಚೆ 10 ನಿಮಿಷ, ಮನಸ್ಸಿನಲ್ಲಿರುವ ಭಯವನ್ನೆಲ್ಲ ಅದರಲ್ಲಿ ಟೈಪ್ ಮಾಡಬೇಕು. ಸಮಯ ಮುಗಿದಾಗ ಅದು ಅಳಿಸಿಹೋಗುತ್ತದೆ, ಎಲ್ಲೂ ಉಳಿಯುವುದಿಲ್ಲ. ಇದು ನನಗಿಂತ ನನ್ನ ತಂಗಿಗೆ ಜಾಸ್ತಿ ಹಿಡಿಸಿತು. ಅವಳ ಕಷ್ಟ ಐದನೇ ಗಂಟೆಯದಲ್ಲ, ಮೊದಲ ಐದು ನಿಮಿಷದ್ದು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರಗಳೇ ಕಾಣದ ಹಾಗಾಗುತ್ತದೆ ಅಂತ ಹೇಳುತ್ತಿದ್ದಳು.

"ಅಕ್ಕಾ, ಭಯವನ್ನೇ ಬರೆದರೆ ಅದು ಇನ್ನೂ ಹೆಚ್ಚಾಗಲ್ವಾ?" ಅಂತ ಕೇಳಿದಳು.

"ಬರೆದು ನೋಡು. ಆಗದಿದ್ದರೆ ಬಿಡು" ಅಂದೆ.

ಅವಳು ಬರೆದಳು. ಮೊದಲ ಸಲ ಅಳುತ್ತಲೇ ಬರೆದಳು. ಆಮೇಲೆ ಪೇಪರಿಗೆ ಕೂತಳು, ಮೊದಲ ಪುಟವನ್ನು ಬಿಡದೆ ಮಾಡಿದಳು. ಈ ಉಪಾಯದ ಬೇರು 2011ರ ಒಂದು ಅಧ್ಯಯನದಲ್ಲಿದೆ. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಎಂಬ ಸಂಶೋಧಕರು ಪರೀಕ್ಷೆಗೆ ಸ್ವಲ್ಪ ಮುಂಚೆ ವಿದ್ಯಾರ್ಥಿಗಳಿಂದ ಅವರ ಆತಂಕವನ್ನು ಬರೆಸಿದರು. ಪರೀಕ್ಷೆ ಅಂದರೆ ಹೆದರುವ ಮಕ್ಕಳಿಗೇ ಅದರಿಂದ ಹೆಚ್ಚು ಲಾಭವಾಗಿತ್ತು. ಚಿಂತೆ ಕೂಡ ತಲೆಯೊಳಗೆ ಜಾಗ ಹಿಡಿಯುತ್ತದೆ, ಲೆಕ್ಕ ಮಾಡಲು ಬೇಕಾದ ಜಾಗವನ್ನೇ. ಬರೆದು ಹೊರಗೆ ಹಾಕಿದರೆ ಅಷ್ಟು ಜಾಗ ತೆರವಾಗುತ್ತದೆ ಅನ್ನುವುದು ಅವರ ವಿವರಣೆ. ಹಾಲಿನ ಹೊರಗೆ ಒಂದು ಹಾಳೆ, ಒಂದು ಪೆನ್ನು ಇದ್ದರೆ ಇದನ್ನು ಯಾರು ಬೇಕಾದರೂ ಮಾಡಬಹುದು.

ಉಸಿರಾಟದ ಆಡಿಯೊ ಮಾತ್ರ ನನಗೆ ಇಷ್ಟವಾಗಲಿಲ್ಲ. ಹೇಳಿಕೊಡುವವರು ತುಂಬ ಮಾತಾಡುತ್ತಾರೆ. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಉಸಿರು ಹೊರಗೆ ಬಿಡಿ ಅನ್ನುವ ಒಂದು ಮಾತು ಸಾಕಿತ್ತು. ಹಾಗೆ ನಿಧಾನವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಕುರ್ಚಿಯಲ್ಲಿ ಕೂತೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಬಳಕೆದಾರರು ಅತಿ ಹೆಚ್ಚು ಬೈಯುವ ಒಂದು ನಿಯಮವನ್ನು ನಾನು ಸಮರ್ಥಿಸುತ್ತೇನೆ. ಇಡೀ ದಿನದ ಒಂದು ಟೆಸ್ಟ್ ಮುಗಿದರೆ, ಮತ್ತೊಂದು ಇಡೀ ದಿನದ್ದು ತೆರೆಯಲು ನಾಲ್ಕು ದಿನ ಕಾಯಬೇಕು. ಹಣ ಕೊಟ್ಟಿದ್ದೇವೆ, ದಿನಾ ಬರೆಯುತ್ತೇವೆ, ಇವರಿಗೇನು ಅಂತ ಹಲವರ ದೂರು. ನನಗೆ ಇಲ್ಲಿ ನೆನಪಾಗುವುದು ಕಾರ್ಪೊವ್ ಮತ್ತು ಕ್ಯಾಸ್ಪರೊವ್ ನಡುವಿನ ವಿಶ್ವ ಚೆಸ್ ಪಂದ್ಯ. 1984ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಆರು ಗೆಲುವು ಮೊದಲು ಪಡೆದವರು ಚಾಂಪಿಯನ್, ಆಟಗಳಿಗೆ ಮಿತಿಯಿಲ್ಲ. ಐದು ತಿಂಗಳಲ್ಲಿ 48 ಆಟಗಳಾದರೂ ಮುಗಿಯಲಿಲ್ಲ. ಕಾರ್ಪೊವ್ ಐದು ಗೆಲುವಿಗೆ ಬಂದು ನಿಂತಿದ್ದರು, ಆರನೆಯದು ಬರಲೇ ಇಲ್ಲ. ಅವರು ತುಂಬ ತೂಕ ಕಳೆದುಕೊಂಡಿದ್ದರು ಅನ್ನುವ ವರದಿಗಳು ಬಂದವು. 1985ರ ಫೆಬ್ರುವರಿ 15ರಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರು ಪಂದ್ಯವನ್ನೇ ನಿಲ್ಲಿಸಿದರು. ಆಟಗಾರರ ಆರೋಗ್ಯ ಕಾರಣ ಅಂದರು. ಅದೇ ವರ್ಷ ಮತ್ತೆ ನಡೆದ ಪಂದ್ಯಕ್ಕೆ 24 ಆಟಗಳ ಮಿತಿ ಹಾಕಿದರು. ಜಗತ್ತಿನ ಅತಿ ಗಟ್ಟಿ ತಲೆಗಳಿಗೇ ಮಿತಿ ಬೇಕಾಯಿತು. ಇಡೀ ದಿನದ ಟೆಸ್ಟ್ ಬರೆದ ಮೇಲೆ ನಿದ್ದೆ ಬೇಕು, ತಪ್ಪುಗಳನ್ನು ನಿಧಾನವಾಗಿ ನೋಡಲು ಹೊತ್ತು ಬೇಕು. ಆ ನಾಲ್ಕು ದಿನ ಇರುವುದು ಅದಕ್ಕೆ.

ಇನ್ನು ಕೊರತೆಗಳು. ಮೊದಲನೆಯದಕ್ಕೆ ನನಗೆ ನಿಜವಾಗಿ ಸಿಟ್ಟಿದೆ. ಸುಸ್ತನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರೇ ರಾತ್ರಿ ಹನ್ನೊಂದಕ್ಕೆ ಫೋನಿಗೆ ಸಂದೇಶ ಕಳಿಸುತ್ತಾರೆ: "ನಿಮ್ಮ ರ‍್ಯಾಂಕ್ ಇಳಿದಿದೆ, ಈಗಲೇ ಅಭ್ಯಾಸ ಮಾಡಿ." ಮಲಗುವ ಹೊತ್ತಿಗೆ ಇಂಥದ್ದನ್ನು ಓದಿದವರಿಗೆ ನಿದ್ದೆ ಹೇಗೆ ಬರಬೇಕು? ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಅದನ್ನು ಕೆಡಿಸುವ ಹಕ್ಕು ಯಾವ ಕಂಪನಿಗೂ ಇಲ್ಲ. ಈ ಸಂದೇಶ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಪುಟ ಒಳಗಿದೆ. ಖಾತೆ ತೆರೆದ ದಿನವೇ ಹುಡುಕಿ ಆಫ್ ಮಾಡಿ.

ಎರಡನೆಯದು, ಕೈಬರಹದ ಪರೀಕ್ಷೆಗಳಿಗೆ ಇದು ಸಾಲದು. ಉದ್ದುದ್ದ ಉತ್ತರ ಬರೆಯುವವರಿಗೆ ತಲೆಗಿಂತ ಮೊದಲು ಬೆರಳು, ಮಣಿಕಟ್ಟು, ಭುಜ ಸೋಲುತ್ತವೆ. ಇಲ್ಲಿ ಎಲ್ಲವೂ ಟೈಪ್. ಅಂಥವರು ಗಡಿಯಾರವನ್ನಷ್ಟೇ ಇದರಿಂದ ತೆಗೆದುಕೊಂಡು, ಕಾಗದದ ಮೇಲೆ ಪೆನ್ನಿನಲ್ಲೇ ಬರೆಯಬೇಕು. ಮೂರನೆಯದು, ನಡುವೆ ಇಂಟರ್‌ನೆಟ್ ಹೋದರೆ ಗಡಿಯಾರ ಓಡುತ್ತಲೇ ಇರುತ್ತದೆ. ನನಗೆ ಒಮ್ಮೆ ಮಧ್ಯಾಹ್ನದ ಪೇಪರಿನಲ್ಲಿ ಹೀಗಾಯಿತು. ದೂರು ಕೊಟ್ಟರೆ ಯಂತ್ರದ ಹಾಗೆ ಒಂದೇ ಉತ್ತರ ಬಂತು. ಮತ್ತೆ ಬರೆಯಲು ಅವಕಾಶ ಕೊಡಲಿಲ್ಲ.

ಇನ್ನೊಂದು ಮಾತು ಮುಖ್ಯ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಪುಸ್ತಕ ಕಂಡರೆ ಎದೆ ಹೊಡೆದುಕೊಂಡರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ, ಅದು ಮಾಕ್ ಟೆಸ್ಟ್ ಸರಿಮಾಡುವ ವಿಷಯ ಅಲ್ಲ. ತಡಮಾಡದೆ ಡಾಕ್ಟರ್ ಅಥವಾ ಆಪ್ತಸಮಾಲೋಚಕರ ಹತ್ತಿರ ಹೋಗಬೇಕು, ಮನೆಯಲ್ಲಿ ಒಬ್ಬರಿಗಾದರೂ ಹೇಳಬೇಕು. ಸೇವೆಯವರು ಇದನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಮೊದಲ ಪುಟದಲ್ಲಿ ದೊಡ್ಡದಾಗಿ ಹಾಕಬೇಕು. ಈ ಮಾತನ್ನು ಅವರಿಗೂ ಬರೆದಿದ್ದೇನೆ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಸಿಲೆಬಸ್ ಅರ್ಧವೂ ಆಗದವರು ಈಗಲೇ ತೆಗೆದುಕೊಳ್ಳಬೇಡಿ. ಗೊತ್ತಿಲ್ಲದ ಪ್ರಶ್ನೆಗಳ ಮುಂದೆ 6 ಗಂಟೆ ಕೂತರೆ ಸುಸ್ತಿನ ಗ್ರಾಫ್‌ನಿಂದ ಏನೂ ತಿಳಿಯುವುದಿಲ್ಲ, ಧೈರ್ಯ ಮಾತ್ರ ಹೋಗುತ್ತದೆ. ಒಂದು ಸುತ್ತು ಓದು ಮುಗಿದು, ಪರೀಕ್ಷೆಗೆ ಎರಡು ಮೂರು ತಿಂಗಳು ಇರುವವರಿಗೆ ಇದು ಸರಿಯಾದ ಹೊತ್ತು. ಮೂರು ತಿಂಗಳ ಪ್ಯಾಕ್ ಸಾಕು, ವರ್ಷದ್ದು ಬೇಡ. ಉಚಿತವಾಗಿ ಸಿಗುವ ಒಂದು ಟೆಸ್ಟ್ ಅನ್ನು ಮೊದಲು ಬರೆಯಿರಿ. ಹಾಗೇ ಬೇಡ, ನಿಮ್ಮ ಪರೀಕ್ಷೆಯ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಮೇಜಿನ ಮುಂದೆ ಕೂತು, ಇಡೀ ದಿನ ಬರೆಯಿರಿ. ಮರುದಿನದ ಗ್ರಾಫ್ ನೋಡಿ ತೀರ್ಮಾನ ಮಾಡಿ. ತಂಗಿಯಂತೂ ಪ್ಯಾಕ್ ಕೊಂಡಿಲ್ಲ. ಅವಳಿಗೆ ಬೇಕಿದ್ದದ್ದು ಆ ಖಾಲಿ ಹಾಳೆ, ಅದು ಉಚಿತ ಖಾತೆಯಲ್ಲೇ ಇದೆ.